ಬೀಳದ ಬೆಂಡು

ಪಕ್ಕದ ಮನೆಯ ಹುಡುಗ ನಮ್ಮ ಜಗಲಿಯ ಮೇಲೆ ಅಂಗಾತ ಮಲಗಿದ್ದ. ಬಾಯಲ್ಲಿ ಗೇಣುದ್ದದ ಪಪ್ಪಾಯಿ ಎಲೆಯ ದಂಟು, ಅದರ ತುದಿ ನೇರ ಮಾಡಿನ ಕಡೆಗೆ. ದಂಟಿನ ಬಾಯಿಗಿಂತ ಎರಡು ಬೆರಳು ಮೇಲೆ ಬಟಾಣಿ ಕಾಳಿನಷ್ಟು ದೊಡ್ಡ ಬಿಳಿ ಗುಂಡೊಂದು ನಿಂತಿತ್ತು. ನಿಂತಿತ್ತು ಅನ್ನುವುದು ಪೂರ್ತಿ ಸರಿಯಲ್ಲ. ನಡುಗುತ್ತಿತ್ತು, ತಿರುಗುತ್ತಿತ್ತು, ಕೂದಲೆಳೆಯಷ್ಟು ಆಚೆ ಹೋಗಿ ಈಚೆ ಬರುತ್ತಿತ್ತು. ಬೀಳುತ್ತಿರಲಿಲ್ಲ, ಅಷ್ಟೆ. ಹುಡುಗನ ಕೆನ್ನೆ ಉಬ್ಬಿ ಕೆಂಪಾಗಿ, ಕೊನೆಗೆ ಉಸಿರು ಮುಗಿದಾಗ ಅದು ಅವನ ಮೂಗಿನ ಮೇಲೆ ಬಿತ್ತು.

ಎದ್ದು ಕೂತವನು ಕೇಳಿದ: "ಅಜ್ಜಯ್ಯ, ಊದದು ಮೇಲಕ್ಕೆ, ಹಂಗಾಗಿ ಮೇಲೆ ನಿಲ್ತದೆ, ಸೈ. ಬದಿಗೆ ಎಂತಕ್ಕೆ ಬೀಳದಿಲ್ಲ?"

ಏಪ್ರಿಲ್ ಎರಡನೇ ವಾರ, ಶಾಲೆಗೆ ರಜೆ ಬಿಟ್ಟು ನಾಲ್ಕೇ ದಿನ ಆಗಿತ್ತು. ಶೃಂಗೇರಿ ಪಕ್ಕದ ನಮ್ಮೂರು ಮೆಣಸೆಯಲ್ಲಿ ಆ ಹೊತ್ತಿಗೆ ತೋಟದ ಕೆಲಸ ಹಗುರ, ಬಿಸಿಲು ಜೋರು, ತುಂಗೆಯಲ್ಲಿ ಬಂಡೆಗಳು ಬೆನ್ನು ತೋರಿಸುವ ಕಾಲ. ಮೂವತ್ತು ವರ್ಷಗಳಿಂದ ಮಳೆ, ಹಕ್ಕಿ, ಹೂ ಬಿಡುವ ದಿನ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಬಂದಿದ್ದೇನೆ. ಈ ಪ್ರಶ್ನೆ ಅದರಲ್ಲಿ ಎಲ್ಲೂ ಇರಲಿಲ್ಲ. ಬಾಯಿಗೆ ಬಂದದ್ದು ಕಾಲೇಜಿನಲ್ಲಿ ಕಲಿತ ಉತ್ತರ: ಜೋರಾಗಿ ಹರಿಯುವ ಗಾಳಿಯಲ್ಲಿ ಒತ್ತಡ ಕಡಿಮೆ, ಸುತ್ತಲಿನ ನಿಂತ ಗಾಳಿಯಲ್ಲಿ ಹೆಚ್ಚು, ಆದ್ದರಿಂದ ಸುತ್ತಲಿನ ಗಾಳಿ ಗುಂಡನ್ನು ನಡುವಿಗೆ ಒತ್ತಿ ಹಿಡಿಯುತ್ತದೆ. ಹುಡುಗ ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ ಚಡ್ಡಿಯ ಜೇಬಿನಿಂದ ಇನ್ನೊಂದು ಬೆಂಡಿನ ತುಂಡು ತೆಗೆದ. ಅದು ಚೌಕ.

"ಹಂಗಾರೆ ಇದು ಎಂತಕ್ಕೆ ನಿಲ್ಲದಿಲ್ಲ?"

ಮತ್ತೆ ಮಲಗಿ ಊದಿ ತೋರಿಸಿದ. ಚೌಕದ ತುಂಡು ಮೇಲೆದ್ದಿತು, ಪಲ್ಟಿ ಹೊಡೆಯಿತು, ಪಕ್ಕಕ್ಕೆ ಹಾರಿ ಮೆಟ್ಟಿಲ ಮೇಲೆ ಬಿತ್ತು. ಹತ್ತು ಸಲ ಮಾಡಿಸಿದೆ. ಒಂದು ಸಲವೂ ಮೂರು ಎಣಿಸುವಷ್ಟು ಹೊತ್ತು ನಿಲ್ಲಲಿಲ್ಲ. ಗಾಳಿ ಅದೇ, ದಂಟು ಅದೇ, ಬೆಂಡೂ ಅದೇ. ನನ್ನ ಉತ್ತರದಲ್ಲಿ ಗುಂಡಗಿರುವುದಕ್ಕೂ ಚೌಕಕ್ಕೂ ವ್ಯತ್ಯಾಸವೇ ಇರಲಿಲ್ಲ. ಅಂದರೆ ಉತ್ತರದಲ್ಲೇ ಏನೋ ಐಬಿದೆ. ಆ ದಿನದಿಂದ ಪುನರ್ವಸು ಮಳೆ ಹಿಡಿಯುವವರೆಗೆ ನೋಟ್‌ಬುಕ್ಕಿನ ಒಂದು ಮಗ್ಗುಲು ಈ ಬೆಂಡಿನದ್ದೇ ಆಯಿತು.

ಮೊದಲು ಬೆಂಡು ಮಾಡುವ ಬಗೆ. ಅದನ್ನು ಹುಡುಗನೇ ಕಲಿಸಿದ. ಮರಗೆಣಸಿನ ಒಣಗಿದ ಕೋಲನ್ನು ಬೆರಳುದ್ದಕ್ಕೆ ಕತ್ತರಿಸಬೇಕು. ಒಳಗಿನ ಬಿಳಿ ತಿರುಳನ್ನು ಬಿದಿರು ಕಡ್ಡಿಯಿಂದ ಹಿಂದಿನಿಂದ ತಳ್ಳಿದರೆ ಇಡಿಯಾಗಿ ಹೊರಗೆ ಬರುತ್ತದೆ. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಎರಡು ದಿನ ಇಟ್ಟರೆ ಗರಿಗರಿ. ಆಮೇಲೆ ಅಂಗಳದ ಸಿಮೆಂಟಿಗೆ ಹಗುರವಾಗಿ ಉಜ್ಜಿ ಉಜ್ಜಿ ಗುಂಡು ಮಾಡುವುದು. ಅಂಗೈ ಮೇಲೆ ಇಟ್ಟರೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ: ಜೇನುಹಲ್ಲೆಯಂತೆ ಗೂಡುಗೂಡು, ಗೂಡಿನ ತುಂಬ ಬರೀ ಗಾಳಿ. ಸ್ವಲ್ಪ ತೇವ ಹೀರಿದ ಬೆಂಡು ದಂಟಿನ ಬಾಯಿ ಬಿಟ್ಟು ಏಳುವುದೇ ಇಲ್ಲ.

ಹುಡುಗನ ಪ್ರಶ್ನೆಯ ಮೊದಲ ಅರ್ಧ, ಅವನು 'ಸೈ' ಎಂದು ಬಿಟ್ಟುಕೊಟ್ಟದ್ದು, ಅದನ್ನೂ ನೋಡದೆ ಬಿಡುವ ಹಾಗಿರಲಿಲ್ಲ. ಶೃಂಗೇರಿಯ ಭಾರತೀ ಬೀದಿಯಿಂದ ಟೇಬಲ್ ಟೆನಿಸ್ ಚೆಂಡೊಂದನ್ನು ತಂದೆ. ಮಗಳು ಬೆಂಗಳೂರಿನಿಂದ ಬಂದಾಗ ಬಿಟ್ಟುಹೋದ ಕೂದಲು ಒಣಗಿಸುವ ಡ್ರೈಯರ್ ಮನೆಯಲ್ಲಿತ್ತು. ಬಿಸಿ ಆರಿಸಿ, ತಣ್ಣನೆ ಗಾಳಿ ಮಾತ್ರ ಬಿಟ್ಟು, ಮೂತಿ ಮೇಲೆ ಮಾಡಿ ಹಿಡಿದರೆ ಚೆಂಡು ಒಂದು ಗೇಣು ಮೇಲೆ ನಿಂತಿತು. ಇದರಿಂದ ಹುಡುಗನ ಶ್ವಾಸಕೋಶಕ್ಕೂ ವಿಶ್ರಾಂತಿ, ನನಗೂ ಹೊತ್ತು ಹೊತ್ತು ನೋಡುವ ಅನುಕೂಲ.

ಟೇಬಲ್ ಟೆನಿಸ್ ಚೆಂಡಿನ ಅಡ್ಡಳತೆ 40 ಮಿಲಿಮೀಟರ್, ತೂಕ 2.7 ಗ್ರಾಂ. ಅದನ್ನು ಎತ್ತರದಿಂದ ಬಿಟ್ಟರೆ ಬೀಳುವ ವೇಗ ಏರುತ್ತಾ ಏರುತ್ತಾ ಒಂದು ಹಂತಕ್ಕೆ ಬಂದು ನಿಲ್ಲುತ್ತದೆ. ಗಾಳಿಯ ತಡೆ ಅಲ್ಲಿ ಚೆಂಡಿನ ತೂಕಕ್ಕೆ ಸರಿಸಮ. ಲೆಕ್ಕ ಹಾಕಿದರೆ ಆ ವೇಗ ಸೆಕೆಂಡಿಗೆ ಸುಮಾರು 9 ಮೀಟರ್, ಗಂಟೆಗೆ 32 ಕಿಲೋಮೀಟರ್. ಚೆಂಡು ನಿಂತ ಗಾಳಿಯಲ್ಲಿ ಆ ವೇಗದಿಂದ ಬಿದ್ದರೂ ಒಂದೇ, ಗಾಳಿ ಅದೇ ವೇಗದಿಂದ ಕೆಳಗಿನಿಂದ ಬಂದು ಚೆಂಡು ನಿಂತಲ್ಲೇ ಇದ್ದರೂ ಒಂದೇ. ಗಾಳಿಯಲ್ಲಿ ನಿಂತ ಚೆಂಡು ನಿಜಕ್ಕೂ ಬೀಳುತ್ತಲೇ ಇದೆ, ಮೇಲೇರುತ್ತಿರುವ ಗಾಳಿಯೊಳಗೆ ಬೀಳುತ್ತಿದೆ. ಇದು ಮನಸ್ಸಿಗೆ ಹತ್ತಿದ ಮೇಲೆ ಮಳೆಯನ್ನು ನೋಡುವ ನನ್ನ ಕಣ್ಣೇ ಬದಲಾಯಿತು. ಅದನ್ನು ಮುಂದೆ ಬರೆಯುತ್ತೇನೆ.

ಹುಡುಗ ತೋಟದಿಂದ ನಿಂಬೆಹಣ್ಣು ತಂದ. ಗಾತ್ರ ಹೆಚ್ಚುಕಡಿಮೆ ಚೆಂಡಿನದ್ದೇ, ತೂಕ 40 ಗ್ರಾಂ. ಅದು ನಿಲ್ಲಬೇಕಾದರೆ ಸೆಕೆಂಡಿಗೆ 34 ಮೀಟರ್ ಬೇಕು, ಗಂಟೆಗೆ 120 ಕಿಲೋಮೀಟರ್. ಅದು ಅಡಿಕೆ ಮರ ಮುರಿಯುವ ಬಿರುಗಾಳಿಯ ವೇಗ. ತೂಕ ಹದಿನೈದು ಪಟ್ಟಾದರೆ ವೇಗ ಹದಿನೈದು ಪಟ್ಟು ಬೇಡ, ನಾಲ್ಕು ಪಟ್ಟಿಗೆ ಹತ್ತಿರ ಸಾಕು. ಗಾಳಿಯ ತಳ್ಳು ವೇಗದ ವರ್ಗದಷ್ಟು ಏರುವುದೇ ಇದಕ್ಕೆ ಕಾರಣ. ಬಿರುಗಾಳಿ ಸ್ವಲ್ಪ ಜೋರಾದರೂ ಯಾಕೆ ಅಷ್ಟು ಅನಾಹುತ ಮಾಡುತ್ತದೆ ಅನ್ನುವುದೂ ಇದರಲ್ಲೇ ಇದೆ.

ಗೇಣೆತ್ತರದಲ್ಲೇ ಯಾಕೆ ನಿಲ್ಲಬೇಕು, ಮಾಡಿಗೇಕೆ ಹಾರಿಹೋಗುವುದಿಲ್ಲ? ಪೊರಕೆ ಕಡ್ಡಿಯ ತುದಿಗೆ ದೀಪದ ಬತ್ತಿಯಿಂದ ಎಳೆದ ಹತ್ತಿಯ ಎಳೆಯೊಂದನ್ನು ಕಟ್ಟಿದೆ. ಡ್ರೈಯರಿನ ಮೂತಿಯ ಹತ್ತಿರ ಎಳೆ ಕಡ್ಡಿಯಂತೆ ನೆಟ್ಟಗೆ ನಿಂತಿತು. ಒಂದು ಮೊಳ ಮೇಲೆ ಒಯ್ದರೆ ಅಲ್ಲಾಡುತ್ತಾ ಸೋತಿತು. ಬದಿಗೆ ಸರಿಸುತ್ತಾ ಹೋದರೆ, ಮೂತಿಯ ಹತ್ತಿರ ಎರಡು ಬೆರಳು ಅಗಲವಿದ್ದ ಗಾಳಿ ಮೇಲೆ ಅಂಗೈ ಅಗಲವಾಗಿತ್ತು. ಹೊರಟ ಗಾಳಿ ದಾರಿಯುದ್ದಕ್ಕೂ ಅಕ್ಕಪಕ್ಕದ ನಿಂತ ಗಾಳಿಯನ್ನು ಜತೆಗೆ ಎಳೆದುಕೊಂಡು ಹೋಗುತ್ತದೆ. ಬಳಗ ಬೆಳೆಯುತ್ತದೆ, ವೇಗ ಇಳಿಯುತ್ತದೆ. ಚೆಂಡು ಮೇಲೆ ಹೋದರೆ ಗಾಳಿಗೆ ಶಕ್ತಿ ಸಾಲದು, ಇಳಿಯುತ್ತದೆ. ಕೆಳಗೆ ಬಂದರೆ ಗಾಳಿ ಜೋರು, ಏರುತ್ತದೆ. ತನ್ನ ಬೀಳುವ ವೇಗಕ್ಕೆ ಸರಿಯಾದ ಎತ್ತರವನ್ನು ಚೆಂಡು ತಾನೇ ಹುಡುಕಿಕೊಂಡು ಅಲ್ಲಿ ನಿಲ್ಲುತ್ತದೆ.

ಇಷ್ಟನ್ನು ನಮ್ಮ ಹಿಂದಿನ ಹೆಂಗಸರು ಲೆಕ್ಕವಿಲ್ಲದೆ ಕೈಯಲ್ಲಿ ಕಲಿತಿದ್ದರು. ಕಣದಲ್ಲಿ ಭತ್ತ ತೂರುವಾಗ ಮೊರವನ್ನು ಎಷ್ಟೆತ್ತರ ಹಿಡಿಯಬೇಕು, ಯಾವ ಗಾಳಿಗೆ ಕಾಯಬೇಕು ಅನ್ನುವುದು ಅವರಿಗೆ ಗೊತ್ತಿತ್ತು. ಕಾಳಿಗೊಂದು ಬೀಳುವ ವೇಗ, ಜೊಳ್ಳಿಗೆ ಇನ್ನೊಂದು. ಎರಡರ ನಡುವೆ ಗಾಳಿಯನ್ನು ಹಾಯಿಸುವುದೇ ತೂರುವುದು.

ಮೇ ತಿಂಗಳ ಮೊದಲ ವಾರ, ಭರಣಿ ಮಳೆ. ಮಧ್ಯಾಹ್ನ ಮೂರಕ್ಕೆ ಮೋಡ ಹೂಕೋಸಿನಂತೆ ಉಕ್ಕಿ ನಿಂತಿತ್ತು. ನಾಲ್ಕೂವರೆಗೆ ಗುಡುಗು, ಐದಕ್ಕೆ ಹೆಂಚಿನ ಮೇಲೆ ಯಾರೋ ಜಲ್ಲಿ ಸುರಿದ ಸದ್ದು. ಆನೆಕಲ್ಲು. ಹುಡುಗ ತಲೆಗೆ ಹಾಳೆ ಹಿಡಿದುಕೊಂಡು ಅಂಗಳಕ್ಕೆ ಓಡಿ ಪಾತ್ರೆ ತುಂಬ ಆರಿಸಿ ತಂದ. ದೊಡ್ಡದೊಂದನ್ನು, ಗೋಟಡಿಕೆಗಿಂತ ಸ್ವಲ್ಪ ಸಣ್ಣದು, ಬಿಸಿ ಮಾಡಿದ ಚಾಕುವಿನಿಂದ ನಡುವೆ ಕತ್ತರಿಸಿದೆ. ಕರಗುವ ಮೊದಲು ನೋಡಿದ್ದು ಇಷ್ಟು: ನಡುವೆ ಹಾಲುಬಿಳುಪಿನ ಸಣ್ಣ ಚುಕ್ಕೆ, ಸುತ್ತ ಗಾಜಿನಂಥ ಪದರ, ಅದರ ಸುತ್ತ ಮತ್ತೆ ಬಿಳಿ, ಮತ್ತೆ ಗಾಜು. ಈರುಳ್ಳಿ ಕೊಯ್ದ ಹಾಗೆ. ನೀರು ತಟ್ಟನೆ ಹೆಪ್ಪುಗಟ್ಟಿ ಗಾಳಿಗುಳ್ಳೆಗಳು ಸಿಕ್ಕಿಕೊಂಡಲ್ಲಿ ಬಿಳಿ, ನಿಧಾನಕ್ಕೆ ಹರಡಿ ಹೆಪ್ಪುಗಟ್ಟಿದಲ್ಲಿ ಗಾಜು.

ಎರಡು ಸೆಂಟಿಮೀಟರಿನ ಆನೆಕಲ್ಲು ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಬೀಳುತ್ತದೆ. ಅದು ಅಷ್ಟು ದೊಡ್ಡದಾಗುವವರೆಗೆ ಮೋಡದಲ್ಲಿ ಉಳಿಯಬೇಕಾದರೆ ಮೋಡದೊಳಗೆ ಮೇಲೇರುವ ಗಾಳಿಯೂ ಆ ವೇಗಕ್ಕೆ ಹತ್ತಿರ ಇರಲೇಬೇಕು. ಅಂದರೆ ನಮ್ಮ ಮನೆಯ ಮೇಲೆ ಆ ಸಂಜೆ, ಕಣ್ಣಿಗೆ ಕಾಣದೆ, ಕಾರು ಓಡುವ ವೇಗದಲ್ಲಿ ಗಾಳಿಯ ಕಂಬವೊಂದು ನೆಟ್ಟಗೆ ಮೇಲಕ್ಕೆ ನುಗ್ಗುತ್ತಿತ್ತು. ಅದರೊಳಗೆ ಈ ಕಲ್ಲು, ಹುಡುಗನ ಉಸಿರಿನ ಮೇಲಿನ ಬೆಂಡಿನಂತೆ, ನೀರನ್ನು ಮೈಗೆ ಹಚ್ಚಿಕೊಳ್ಳುತ್ತಾ ತೂಗುತ್ತಿತ್ತು. ತೂಕ ಹೆಚ್ಚಾಗಿ, ಗಾಳಿಗೆ ಹಿಡಿದಿಡಲು ಆಗದಾದಾಗ ಬಿತ್ತು.

ನನ್ನ ಹಳೆಯ ನೋಟ್‌ಬುಕ್ಕುಗಳನ್ನೆಲ್ಲ ಹರವಿ ನೋಡಿದೆ. ಬರೆದ ಆನೆಕಲ್ಲಿನ ಮಳೆಗಳೆಲ್ಲ ಮಾರ್ಚ್ ಕೊನೆಯಿಂದ ಮೇ ತನಕದವು. ಆಷಾಢದಲ್ಲಿ ಒಂದೂ ಇಲ್ಲ. ಮಳೆಯ ಲೆಕ್ಕದಲ್ಲಿ ನೋಡಿದರೆ ಆಷಾಢದ ಮುಂದೆ ಭರಣಿ ಏನೂ ಅಲ್ಲ. ಇಲ್ಲೇ ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಅಷ್ಟು ಸುರಿದೂ ಆನೆಕಲ್ಲು ಇಲ್ಲ. ಬೇಸಿಗೆಯ ಮೋಡ ಕಾದ ನೆಲದಿಂದ ಎದ್ದು, ನೀರು ಹೆಪ್ಪುಗಟ್ಟುವ ಎತ್ತರವನ್ನೂ ದಾಟಿ ಮೇಲೆ ಹೋಗುತ್ತದೆ, ಒಳಗಿನ ಏರುಗಾಳಿ ರಭಸದ್ದು. ಮುಂಗಾರಿನ ಮೋಡ ಹಾಗಲ್ಲ. ಕಡಲಿನಿಂದ ಬಂದ ತೇವದ ಗಾಳಿ ಘಟ್ಟಕ್ಕೆ ತಾಗಿ, ಇಳಿಜಾರು ಹತ್ತಿಕೊಂಡು ಸಮಾಧಾನವಾಗಿ ಮೇಲೇರುತ್ತದೆ. ಮೋಡ ಅಷ್ಟು ಎತ್ತರ ಬೆಳೆಯುವುದಿಲ್ಲ, ಏರುಗಾಳಿಯ ವೇಗ ಸೆಕೆಂಡಿಗೆ ಒಂದೆರಡು ಮೀಟರ್ ಇದ್ದರೆ ಹೆಚ್ಚು. ಅರ್ಧ ಮಿಲಿಮೀಟರಿನ ಹನಿ ಬೀಳುವ ವೇಗ ಸೆಕೆಂಡಿಗೆ 2 ಮೀಟರ್, ಒಂದು ಮಿಲಿಮೀಟರಿನದ್ದಕ್ಕೆ 4. ಹಾಗಾಗಿ ಹನಿ ಸ್ವಲ್ಪ ದಪ್ಪವಾಗುತ್ತಲೇ ಗಾಳಿಯ ಕೈ ತಪ್ಪಿಸಿಕೊಂಡು ಇಳಿದುಬಿಡುತ್ತದೆ. ಜುಲೈ ತಿಂಗಳ ಶೃಂಗೇರಿಯ ಜಿಟಿಜಿಟಿ, ಕೊಡೆಯ ಕೆಳಗೂ ನುಸುಳುವ ಆ ಸೋನೆ, ಗಾಳಿಗೆ ಹೆಚ್ಚು ಹೊತ್ತು ಹಿಡಿದಿಡಲು ಆಗದ ಹನಿಗಳ ಮಳೆ.

ದೊಡ್ಡ ಹನಿಗೂ ಒಂದು ಮಿತಿ ಇದೆ. ಐದು ಮಿಲಿಮೀಟರಿನ ಹನಿ ಸೆಕೆಂಡಿಗೆ 9 ಮೀಟರ್ ವೇಗದಲ್ಲಿ ಬೀಳುತ್ತದೆ. ಸರಿಯಾಗಿ ನಮ್ಮ ಟೇಬಲ್ ಟೆನಿಸ್ ಚೆಂಡಿನ ವೇಗ! ಅದನ್ನು ಬರೆದುಕೊಂಡಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಡ್ರೈಯರಿನ ಗಾಳಿಯಲ್ಲಿ ಚೆಂಡು ನಿಲ್ಲುವ ಜಾಗದಲ್ಲಿ, ಗಾಳಿ ಅಲುಗದಂತಿದ್ದರೆ, ಒಂದು ದಪ್ಪ ಮಳೆಹನಿಯೂ ನಿಲ್ಲಬೇಕು. ಇದನ್ನು ನಿಜವಾಗಿಯೂ ಮಾಡಿ ನೋಡುತ್ತಾರೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯಲ್ಲಿ ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸುವ ಸುರಂಗ ಕಟ್ಟಿ, ಅದರಲ್ಲಿ ನೀರಿನ ಹನಿಯನ್ನು ತೇಲಿಸಿಟ್ಟು ಅಧ್ಯಯನ ಮಾಡಿದ್ದಾರೆ. ಹಾಗೆ ತೇಲುವ ದೊಡ್ಡ ಹನಿ ಚಿತ್ರದಲ್ಲಿ ಬರೆಯುವ ಹಾಗೆ ಮೇಲೆ ಚೂಪು, ಕೆಳಗೆ ಗುಂಡು ಇರುವುದಿಲ್ಲ. ಕೆಳಗೆ ಚಪ್ಪಟೆ, ಮೇಲೆ ಉಬ್ಬು, ಬನ್ನಿನ ಹಾಗೆ. ಇನ್ನೂ ದೊಡ್ಡದಾದರೆ ಗಾಳಿಯೇ ಅದನ್ನು ಒಡೆದು ಚೂರು ಮಾಡುತ್ತದೆ.

ನಮ್ಮೂರು ಸಂಸ್ಕೃತ ಓದುವವರ ಊರು. ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವ್ ಗಾಂಧಿ ಪರಿಸರ ಇರುವುದು ಮೆಣಸೆಯಲ್ಲೇ. ಶೃಂಗೇರಿ ಮಠದಲ್ಲಿ ಭಾದ್ರಪದದ ಗಣಪತಿ ವಾಕ್ಯಾರ್ಥ ಸಭೆಗೆ ದೇಶದ ವಿದ್ವಾಂಸರೆಲ್ಲ ಬಂದು ಕೂರುತ್ತಾರೆ. ಅಂಥ ಸಭೆಗಳಿಗೆ ಕಿವಿಗೊಡುತ್ತಾ ಕಲಿತದ್ದೊಂದು ಈ ಸಂದರ್ಭದಲ್ಲಿ ನೆನಪಾಯಿತು. ವೈಶೇಷಿಕ ದರ್ಶನದವರಿಗೆ ಗಾಳಿ ಕಣ್ಣಿಗೆ ಕಾಣುವ ವಸ್ತು ಅಲ್ಲ, ಊಹಿಸಿ ತಿಳಿಯಬೇಕಾದದ್ದು. ಊಹಿಸಲು ಆ ದರ್ಶನದ ಭಾಷ್ಯಕಾರ ಪ್ರಶಸ್ತಪಾದರು ನಾಲ್ಕು ಗುರುತು ಕೊಡುತ್ತಾರೆ: ಸ್ಪರ್ಶ, ಶಬ್ದ, ಧೃತಿ, ಕಂಪ. ಮೈಗೆ ತಾಗುತ್ತದೆ, ಎಲೆಗಳಲ್ಲಿ ಸದ್ದು ಮಾಡುತ್ತದೆ, ಕೊಂಬೆಯನ್ನು ನಡುಗಿಸುತ್ತದೆ, ಇವು ಮೂರು ಯಾರಿಗಾದರೂ ಹೊಳೆದಾವು. ಧೃತಿ ಅಂದರೆ ಹಿಡಿದು ನಿಲ್ಲಿಸುವುದು. ಹುಲ್ಲು, ಹತ್ತಿ, ಮೋಡ ಆಕಾಶದಲ್ಲಿ ಬೀಳದೆ ನಿಂತಿವೆ ಎಂದರೆ ಹಿಡಿದವರು ಯಾರೋ ಇರಬೇಕು, ಅದೇ ಗಾಳಿ. ಇನ್ನೊಂದು ಮಾತು ಅದಕ್ಕಿಂತ ಸೊಗಸು. ಗಾಳಿಯ ಸ್ವಭಾವ ಅಡ್ಡಡ್ಡ ಚಲಿಸುವುದು. ಆದರೂ ಹುಲ್ಲುಕಡ್ಡಿ ನೆಟ್ಟಗೆ ಮೇಲೇಳುವುದನ್ನು ಕಾಣುತ್ತೇವೆ. ಹಾಗಿದ್ದರೆ ಅಲ್ಲಿ ಎರಡು ಗಾಳಿ ಎದುರೆದುರು ಬಂದು ಡಿಕ್ಕಿ ಹೊಡೆದಿರಬೇಕು ಎಂದು ಅವರು ಊಹಿಸಿದರು. ಗಾಳಿ ಗಾಳಿ ಕೂಡುವಲ್ಲಿ ಹೋಗಲು ಜಾಗವಿಲ್ಲದೆ ಮೇಲೇಳುತ್ತದೆ, ಮೋಡ ಕಟ್ಟುತ್ತದೆ ಎಂದು ಹವಾಮಾನದವರು ಈಗಲೂ ಹೇಳುತ್ತಾರೆ. ಅಂಗಳದ ಸುಳಿಗಾಳಿಯಲ್ಲಿ ತರಗೆಲೆ ಏಳುವುದನ್ನು ಅಷ್ಟು ತಾಳ್ಮೆಯಿಂದ ನೋಡಿದವರ ಬಗ್ಗೆ ನನಗೆ ಬಹಳ ಗೌರವ.

ಆದರೆ ಧೃತಿಯಿಂದ ಹುಡುಗನ ಪ್ರಶ್ನೆ ಮುಗಿಯುವುದಿಲ್ಲ. ಆನೆಕಲ್ಲಿನಿಂದಲೂ ಮುಗಿಯುವುದಿಲ್ಲ. ಮೋಡದ ಏರುಗಾಳಿ ಒಂದೆರಡು ಕಿಲೋಮೀಟರ್ ಅಗಲ ಇರುತ್ತದೆ, ಕಲ್ಲು ಅತ್ತ ಸರಿದರೂ ಇತ್ತ ಸರಿದರೂ ಗಾಳಿಯೊಳಗೇ ಇರುತ್ತದೆ. ಪಪ್ಪಾಯಿ ದಂಟಿನ ಗಾಳಿ ಬೆರಳಗಲ. ಅದರ ಅಂಚಿನಿಂದ ಬೆಂಡು ಜಾರಿ ಬೀಳಬೇಕಿತ್ತು. ಬೀಳುವುದಿಲ್ಲ.

ಉತ್ತರದ ತುದಿ ಸಿಕ್ಕಿದ್ದು ಅಬ್ಬಿಯ ಕೆಳಗೆ. ನಮ್ಮ ಮನೆಗೆ ಗುಡ್ಡದಿಂದ ಬರುವ ಅಬ್ಬಿ ನೀರು ಹಿತ್ತಲಲ್ಲಿ ಪೈಪಿನಿಂದ ಹಗಲೂ ರಾತ್ರಿ ಬೀಳುತ್ತಿರುತ್ತದೆ. ರೋಹಿಣಿ ಮಳೆ ಇನ್ನೂ ಬಾರದ ಒಂದು ಬೆಳಿಗ್ಗೆ ಸೌಟು ತೊಳೆಯುತ್ತಿದ್ದೆ. ಹಿಡಿಯ ತುದಿಯನ್ನು ಎರಡೇ ಬೆರಳಲ್ಲಿ ಸಡಿಲವಾಗಿ ಹಿಡಿದಿದ್ದೆ. ಸೌಟಿನ ಉಬ್ಬಿದ ಬೆನ್ನು ನೀರಿನ ಧಾರೆಗೆ ಒಂಚೂರು ತಾಗಿತು. ನೀರು ಅದನ್ನು ಆಚೆ ತಳ್ಳುತ್ತದೆ ಅಂತ ಕೈ ಎಣಿಸಿತ್ತು. ಸೌಟು ಚಕ್ಕನೆ ಧಾರೆಯ ಒಳಗೆ ಹೋಯಿತು. ಹೊರಗೆ ಎಳೆದರೆ ಬಿಡಲೊಲ್ಲದು. ನೀರಿಗೆ ಕೈ ಇದ್ದು ಹಿಡಿದ ಹಾಗೆ.

ಸ್ನಾನದ ಹೊತ್ತು ಮೀರಿದರೂ ಅಲ್ಲೇ ಕೂತು ನೋಡಿದೆ. ಧಾರೆ ನೆಟ್ಟಗೆ ಇಳಿಯುತ್ತಿತ್ತು. ಸೌಟಿನ ಬೆನ್ನಿಗೆ ತಾಗಿದ ಮೇಲೆ ನೆಟ್ಟಗೆ ಇಳಿಯಲಿಲ್ಲ. ಉಬ್ಬಿಗೆ ಅಂಟಿಕೊಂಡು, ಅದರ ಡೊಂಕನ್ನೇ ಹಿಡಿದು ಹರಿದು, ಕೆಳ ಅಂಚಿನಲ್ಲಿ ಸೌಟಿನ ಬದಿಗೇ ತಿರುಗಿ ಚಿಮ್ಮಿತು. ಬಲಗಡೆ ಧಾರೆ, ಎಡಗಡೆ ಸೌಟು. ನೀರು ಎಡಕ್ಕೆ ಎಸೆಯಲ್ಪಟ್ಟಿತು, ಸೌಟು ಬಲಕ್ಕೆ ಹೋಯಿತು. ದೋಣಿಯಿಂದ ದಡಕ್ಕೆ ಹಾರಿದರೆ ದೋಣಿ ಹಿಂದಕ್ಕೆ ಸರಿಯುತ್ತದಲ್ಲ, ಅದೇ. ಸೌಟು ನೀರಿನ ದಾರಿಯನ್ನು ತನ್ನ ಕಡೆಗೆ ಬಾಗಿಸಿತು, ನೀರು ಸೌಟನ್ನು ತನ್ನ ಕಡೆಗೆ ಎಳೆದುಕೊಂಡಿತು.

ಹುಡುಗನನ್ನು ಕೂಗಿದೆ. ಟೇಬಲ್ ಟೆನಿಸ್ ಚೆಂಡಿಗೆ ಒಂದು ನೂಲು ಅಂಟಿಸಿ ಜಗಲಿಯ ಪಕಾಸಿನಿಂದ ಇಳಿಬಿಟ್ಟೆವು. ಡ್ರೈಯರ್ ಹಚ್ಚಿ, ಗಾಳಿ ಚೆಂಡಿನ ಬಲ ಮಗ್ಗುಲನ್ನು ಸವರಿಕೊಂಡು ಮೇಲೆ ಹೋಗುವಂತೆ ಹಿಡಿದೆ. ಚೆಂಡು ದೂರ ಹೋಗಲಿಲ್ಲ, ಗಾಳಿಯ ಕಡೆಗೇ ವಾಲಿತು. ಹುಡುಗ ಪೊರಕೆ ಕಡ್ಡಿಯ ಹತ್ತಿ ಎಳೆಯನ್ನು ಚೆಂಡಿನ ನೆತ್ತಿಯ ಮೇಲೆ ತಂದ. ಚೆಂಡು ಇಲ್ಲದಾಗ ಎಳೆ ನೆಟ್ಟಗೆ ಮೇಲೆ ಮುಖ ಮಾಡುತ್ತಿತ್ತು. ಈಗ ಎಡಕ್ಕೆ, ಚೆಂಡಿನ ನೆತ್ತಿಯ ಮೇಲಿನಿಂದ ಹಾದು ಎಡಕ್ಕೆ ಬಾಗಿತ್ತು. ಅಬ್ಬಿಯ ನೀರಿನ ಹಾಗೆಯೇ. ಡ್ರೈಯರನ್ನು ಎಡಕ್ಕೆ ತಂದರೆ ಚೆಂಡು ಎಡಕ್ಕೆ, ಎಳೆ ಬಲಕ್ಕೆ. ಏಳೆಂಟು ಸಲ ಮಾಡಿದೆವು, ಒಮ್ಮೆಯೂ ತಪ್ಪಲಿಲ್ಲ.

ಗಾಳಿ ಚೆಂಡಿಗೆ ಅಂಟುವುದು ಯಾಕೆ? ನೀರಿಗಾದರೆ ಅಂಟು ಗುಣ ಸ್ವಲ್ಪ ಇದೆ ಅನ್ನಬಹುದು, ಗಾಳಿಗೆ ಅದಿಲ್ಲ. ಹೊರಟ ಗಾಳಿ ಅಕ್ಕಪಕ್ಕದ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ ಎಂದೆನಲ್ಲ, ಅಲ್ಲೇ ಕಾರಣ ಇದೆ. ಬಯಲಿನ ಮಗ್ಗುಲಲ್ಲಿ ಎಳೆದುಕೊಂಡಷ್ಟೂ ಹೊಸ ಗಾಳಿ ಬಂದು ತುಂಬುತ್ತದೆ. ಚೆಂಡಿನ ಮಗ್ಗುಲಲ್ಲಿ ಚೆಂಡೇ ಅಡ್ಡ, ಹೊಸ ಗಾಳಿ ಬರಲು ದಾರಿಯಿಲ್ಲ. ಅಲ್ಲಿ ಒತ್ತಡ ಕುಸಿಯುತ್ತದೆ. ಹೊರಗಿನ ಒತ್ತಡ ಗಾಳಿಯ ಧಾರೆಯನ್ನು ಚೆಂಡಿನ ಮೈಗೆ ಒತ್ತುತ್ತದೆ, ಧಾರೆ ಚೆಂಡಿನ ದುಂಡನ್ನು ಅನುಸರಿಸಿ ಬಾಗುತ್ತದೆ. ಒತ್ತಡ ಕಡಿಮೆ ಆಗುವುದು ನಿಜ. ಆದರೆ ಬರೀ ಜೋರಾಗಿ ಹೋದದ್ದರಿಂದ ಅಲ್ಲ, ಬಾಗಿದ್ದರಿಂದ. ಬಯಲಿಗೆ ಬಿಟ್ಟ ಗಾಳಿಯ ಧಾರೆ ನೆಟ್ಟಗೆ ಹೋಗುವಷ್ಟು ಹೊತ್ತು ಅದರ ಒತ್ತಡ ಸುತ್ತಲಿನ ಗಾಳಿಯಷ್ಟೇ ಇರುತ್ತದೆ, ಹೆಚ್ಚುಕಡಿಮೆ. ಡೇನಿಯಲ್ ಬರ್ನೂಲಿ 1738ರ ತನ್ನ ಪುಸ್ತಕದಲ್ಲಿ ವೇಗಕ್ಕೂ ಒತ್ತಡಕ್ಕೂ ಇರುವ ಸಂಬಂಧ ಹೇಳಿದ್ದು ಸುಳ್ಳಲ್ಲ. ಅದು ಒಂದೇ ಹರಿವಿನ ಒಂದು ಜಾಗಕ್ಕೂ ಇನ್ನೊಂದು ಜಾಗಕ್ಕೂ ಹೋಲಿಸಿ ಹೇಳಿದ ಮಾತು. ಡ್ರೈಯರಿನಿಂದ ಬಂದ ಗಾಳಿಯನ್ನು ಕೋಣೆಯ ನಿಂತ ಗಾಳಿಗೆ ಹೋಲಿಸಲು ಅದನ್ನು ಬಳಸುವ ಹಾಗಿಲ್ಲ. ನಾನು ಹುಡುಗನಿಗೆ ಹೇಳಿದ ಮೊದಲ ಉತ್ತರದ ಐಬು ಅದೇ. ತಪ್ಪು ಹೇಳಿದ್ದೆ ಎಂದು ಅವನಿಗೆ ಹೇಳಿದೆ. ಮಕ್ಕಳಿಗೆ ಅಷ್ಟು ಹೇಳಲೇಬೇಕು.

ಈ ಆಟಕ್ಕೆ ತಲೆ ಕೆಡಿಸಿಕೊಂಡವರಲ್ಲಿ ನಾವು ಮೊದಲಿಗರಲ್ಲ. ದ್ರವಗಳ ಹರಿವಿನ ಅಧ್ಯಯನದಲ್ಲಿ ಇವತ್ತಿಗೂ ದಿನಕ್ಕೊಮ್ಮೆ ಹೆಸರು ಬರುವ ಆಸ್ಬೋರ್ನ್ ರೆನಾಲ್ಡ್ಸ್, ಮ್ಯಾಂಚೆಸ್ಟರಿನಲ್ಲಿ ಹೊಸದಾಗಿ ಪ್ರಾಧ್ಯಾಪಕನಾದ ದಿನಗಳಲ್ಲಿ, 1870ರಲ್ಲಿ, ನೀರಿನ ಕಾರಂಜಿಯ ಮೇಲೆ ನಿಲ್ಲುವ ಚೆಂಡಿನ ಬಗ್ಗೆಯೇ ಲೇಖನ ಬರೆದ. ಹರಿವು ಡೊಂಕು ಮೈಗೆ ಅಂಟಿ ಬಾಗುವ ಈ ಗುಣಕ್ಕೆ ಈಗ ಇರುವ ಹೆಸರು ರುಮೇನಿಯಾದ ಆನ್ರಿ ಕ್ವಾಂಡನದ್ದು. ಅವನು 1930ರ ದಶಕದಲ್ಲಿ ಇದನ್ನು ಬಳಸುವ ಸಾಧನಗಳಿಗೆ ಪೇಟೆಂಟ್ ಪಡೆದ. ಅವನಿಗಿಂತ ಬಹಳ ಮೊದಲು, 1800ರಲ್ಲಿ, ಇಂಗ್ಲೆಂಡಿನ ಥಾಮಸ್ ಯಂಗ್ ಊದಿದ ಗಾಳಿ ಮತ್ತು ಮೇಣದಬತ್ತಿಯ ಜ್ವಾಲೆ ಇಟ್ಟುಕೊಂಡು ಇದನ್ನು ಗಮನಿಸಿದ್ದ.

ಈಗ ಚೌಕದ ಬೆಂಡು. ಹುಡುಗನಿಗೆ ಉತ್ತರ ನಾನು ಹೇಳಬೇಕಾಗಲಿಲ್ಲ. ಚೌಕದ ತುಂಡನ್ನೇ ಅಬ್ಬಿಯ ಧಾರೆಗೆ ಹಿಡಿಯಲು ಹೇಳಿದೆ. ನೀರು ಮೂಲೆಗೆ ಬಂದದ್ದೇ ಮೈಬಿಟ್ಟು ಸಿಡಿಯಿತು, ಒಂದು ಸಲ ಅತ್ತ, ತುಂಡು ತುಸು ತಿರುಗಿದರೆ ಇತ್ತ. ದುಂಡಗಿನದ್ದು ಎಷ್ಟು ತಿರುಗಿದರೂ ಎಲ್ಲ ಮಗ್ಗುಲೂ ಒಂದೇ. ಯಾವ ಕಡೆ ಸರಿದರೂ ಗಾಳಿ ಅದರ ಮೈ ಬಳಸಿ, ಅದು ಸರಿದ ಕಡೆಗೇ ಬಾಗಿ, ಅದನ್ನು ವಾಪಸು ನಡುವಿಗೆ ಕಳಿಸುತ್ತದೆ. "ಮೂಲೆ ಇರದಕ್ಕೆ ಗಾಳಿ ಹಿಡೀಲಿಕ್ಕೆ ಬತ್ತದೆ," ಅಂದ ಹುಡುಗ. ನೋಟ್‌ಬುಕ್ಕಿನಲ್ಲಿ ಅವನ ಮಾತನ್ನು ಹಾಗೆಯೇ ಬರೆದುಕೊಂಡೆ.

ಮೇ ಕೊನೆಯಲ್ಲಿ ಅವನು ಇನ್ನೊಂದು ಕಂಡುಹಿಡಿದ. ಮಲಗಿ ಊದುವುದು ಬೇಜಾರಾಗಿ ಗೋಡೆಗೆ ಒರಗಿ ಕೂತು ದಂಟನ್ನು ಓರೆಯಾಗಿ ಹಿಡಿದು ಊದಿದ. ಬೆಂಡು ಬೀಳಲಿಲ್ಲ. ದಂಟಿಗೆ ನೇರ ಮುಂದೆ, ಆಸರೆಯೇ ಇಲ್ಲದ ಹಾಗೆ, ಗಾಳಿಯಲ್ಲಿ ನೇತಾಡಿತು. ನೋಡಿದ ನನ್ನ ಹೆಂಡತಿ ಮೊರ ಕೆಳಗಿಟ್ಟು ಬಂದು ಕೂತಳು. ಡ್ರೈಯರಿನಲ್ಲಿ ಮಾಡಿದಾಗ ಸರಿಯಾಗಿ ಕಾಣಿಸಿತು: ಓರೆಯಾದಾಗ ಚೆಂಡು ಗಾಳಿಯ ನಡುವೆ ಇರುವುದಿಲ್ಲ, ಒಂದಿಷ್ಟು ಕೆಳಗೆ ಜಾರಿ, ಗಾಳಿಯ ಕೆಳ ಅಂಚಿಗೆ ಜೋತುಬಿದ್ದಂತೆ ಇರುತ್ತದೆ. ಗಾಳಿಯ ಹೆಚ್ಚು ಪಾಲು ಚೆಂಡಿನ ನೆತ್ತಿಯ ಮೇಲಿಂದ ಹಾದು, ಅದರ ಬೆನ್ನ ಹಿಂದೆ ಕೆಳಕ್ಕೆ ಬಾಗುತ್ತದೆ. ಗಾಳಿ ಕೆಳಕ್ಕೆ, ಚೆಂಡು ಮೇಲಕ್ಕೆ. ಈಗ ಚೆಂಡನ್ನು ಹೊತ್ತಿರುವುದು ಕೆಳಗಿನ ತಳ್ಳು ಮಾತ್ರ ಅಲ್ಲ, ಮೇಲಿನ ಬಾಗು ಕೂಡ. ಚೆಂಡಿನ ಮೇಲೆ ಕುಂಕುಮದ ಚುಕ್ಕೆ ಇಟ್ಟೆವು. ಚುಕ್ಕೆ ಗೆರೆಯಾಗಿ ಹೋಯಿತು, ಅಷ್ಟು ಜೋರು ತಿರುಗುತ್ತಿತ್ತು. ನೆತ್ತಿ ಗಾಳಿ ಹೋಗುವ ಕಡೆಗೆ, ತಳ ಹಿಂದಕ್ಕೆ. ಇನ್ನೂ ಓರೆ ಮಾಡುತ್ತಾ ಹೋದರೆ ಚೆಂಡು ಜಾರುತ್ತಾ ಜಾರುತ್ತಾ ಒಂದು ಹಂತದಲ್ಲಿ ತಟಕ್ಕನೆ ಕಳಚಿಕೊಂಡು ಬೀಳುತ್ತದೆ. ಆ ಹಂತವನ್ನು ಕೋನಮಾಪಕದಲ್ಲಿ ಅಳೆಯಲು ಪ್ರಯತ್ನಪಟ್ಟೆವು. ಕೈ ನಡುಗುವುದರಿಂದ ಪ್ರತಿ ಸಲ ಬೇರೆ ಬಂತು, ಹಾಗಾಗಿ ಬರೆದಿಲ್ಲ.

ಜೂನ್ ಎರಡನೇ ವಾರ ಮೃಗಶಿರಾ ಹನಿಯಿತು. ಅಂಗಳದ ಮೂಲೆಯಲ್ಲಿ ಬೂರುಗದ ಹತ್ತಿ ಒದ್ದೆಯಾಗಿ ನೆಲಕ್ಕಂಟಿತ್ತು. ಏಪ್ರಿಲಿನಲ್ಲಿ ಅದು ಮಾಡಿನೆತ್ತರ ತೇಲುತ್ತಾ ಹೋಗುವುದನ್ನು ಬಹಳ ದಿನ ನೋಡಿದ್ದೆ. ಶಾಲೆ ಶುರುವಾಯಿತು. ಆರಿದ್ರೆಯಲ್ಲಿ ಎರಡು ದಿನ ಕರೆಂಟ್ ಇರಲಿಲ್ಲ, ಡ್ರೈಯರ್ ಪೆಟ್ಟಿಗೆ ಸೇರಿತು. ಹಿತ್ತಲಿನ ಅಬ್ಬಿ ಮಾತ್ರ ಗುಡ್ಡದ ಮಣ್ಣು ಹೊತ್ತು ಕೆಂಪಗೆ, ಮೊದಲಿನ ಎರಡರಷ್ಟು ದಪ್ಪ ಬೀಳುತ್ತಿತ್ತು. ಸೌಟು ಹಿಡಿದರೆ ಈಗ ಕೈ ಎಳೆದುಕೊಳ್ಳುವಷ್ಟು ಜೋರು.

ಪುನರ್ವಸುವಿನ ಒಂದು ಭಾನುವಾರ ಹುಡುಗ ಮತ್ತೆ ಬಂದ. ಕೊಡೆ ಮೂಲೆಗಿಟ್ಟು ಜೇಬಿನಿಂದ ಎರಡು ಬೆಂಡು ತೆಗೆದ, ಒಂದು ದೊಡ್ಡದು, ಒಂದು ಸಣ್ಣದು. ಎರಡನ್ನೂ ಒಂದೇ ಗಾಳಿಯಲ್ಲಿ ನಿಲ್ಲಿಸಬೇಕು ಅಂದ. ಮಳೆಗಾಲದ ತೇವ ಹೀರಿ ಎರಡೂ ಮೆತ್ತಗಾಗಿದ್ದವು, ಏಳಲಿಲ್ಲ. ಬಚ್ಚಲ ಒಲೆಯ ಅಟ್ಟದ ಮೇಲೆ ಒಣಗಲು ಇಟ್ಟೆವು. ಸಂಜೆ ಹೊತ್ತಿಗೆ ಗರಿಗರಿಯಾದವು. ಜಗಲಿಯ ಮೇಲೆ ಅಂಗಾತ ಮಲಗಿ, ಹೊಸದಾಗಿ ಕುಯ್ದ ದಂಟಿನಿಂದ ಊದಿದ. ದೊಡ್ಡದು ಕೆಳಗೆ, ಅದರ ಮೇಲೆ ಸಣ್ಣದು, ನಡುವೆ ಅಕ್ಕಿಕಾಳು ತೂರುವಷ್ಟು ಸಂದು. ನಾನು ಎಣಿಸಿದೆ. ಏಳರವರೆಗೆ ನಿಂತವು.